ಅವರೆಲ್ಲ ಮೊದಲೇ ಸತ್ತಿದ್ದರಾ? 'ಲಾಸ್ಟ್' ದ್ವೀಪದ ಊಹೆಗಳ ಇತಿಹಾಸ

'ಲಾಸ್ಟ್' ಅನ್ನೋ ಅಮೆರಿಕನ್ ಧಾರಾವಾಹಿಯ ಹೆಸರು ಎತ್ತಿದರೆ ಸಾಕು, ಅದನ್ನು ಪೂರ್ತಿ ನೋಡದವರು ಕೂಡ ಒಂದು ಮಾತು ಹೇಳಿಬಿಡ್ತಾರೆ: "ಓ ಅದಾ? ಕೊನೆಗೆ ಎಲ್ಲರೂ ಮೊದಲೇ ಸತ್ತಿದ್ರು ಅಂತ ಆಗುತ್ತಲ್ಲ!" ಈ ಮಾತು ತಪ್ಪು. ಕೊನೆಯ ಕಂತಿನಲ್ಲೇ ಒಂದು ಪಾತ್ರ ಬಾಯಿಬಿಟ್ಟು ಅದನ್ನು ಅಲ್ಲಗಳೆಯುತ್ತದೆ. ಬರೆದವರು ಆರು ವರ್ಷ ಅಲ್ಲಗಳೆದರು, ಮುಗಿದ ಮೇಲೆ ಮತ್ತೆ ಅಲ್ಲಗಳೆದರು. ಆದರೂ ಗೆದ್ದಿದ್ದು ಆ ತಪ್ಪು ಮಾತೇ. ನೋಡುಗರು ಶುರುವಿನ ವಾರಗಳಲ್ಲಿ ಕಟ್ಟಿದ ಒಂದು ಊಹೆ, ಕಥೆ ಮುಗಿಯುವ ಹೊತ್ತಿಗೆ ಕಥೆಯ ಜಾಗದಲ್ಲೇ ಬಂದು ಕೂತಿತ್ತು. ಅದು ಹೇಗಾಯಿತು ಅನ್ನೋದೇ ಈ ಸಲದ ವಿಷಯ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಇಲ್ಲಿ ಕೊನೆಯ ಕಂತಿನ ಗುಟ್ಟೂ ಸೇರಿ ಎಲ್ಲವೂ ಬಯಲಾಗುತ್ತದೆ. ಇನ್ನೂ ನೋಡಬೇಕು ಅಂದುಕೊಂಡಿರುವವರು ಇದನ್ನು ಪಕ್ಕಕ್ಕಿಟ್ಟು ಹೋಗಿ ನೋಡಿಕೊಂಡು ಬನ್ನಿ. ಆರು ಸೀಸನ್ ಇದೆ, ಪರವಾಗಿಲ್ಲ, ಕಾಯ್ತೀವಿ. ಕನ್ನಡ ಕಲಿಯುತ್ತಿರುವವರಿಗೆ ಒಂದು ಪದ: 'ಊಹೆ' ಅಂದರೆ ಸಿಕ್ಕ ಸುಳಿವುಗಳನ್ನು ಜೋಡಿಸಿ 'ಹೀಗಿರಬಹುದು' ಅಂತ ಕಟ್ಟುವ ಮಾತು. ಅದೇ 'ಊಹಾಪೋಹ' ಅಂದುಬಿಟ್ಟರೆ ಗಾಳಿಮಾತಿನ ವಾಸನೆ ಬರುತ್ತದೆ. ಈ ಕಥೆಯಲ್ಲಿ ಎರಡೂ ಇವೆ, ಬೇಕಾದಷ್ಟು ಇವೆ.

ಎಬಿಸಿ ಚಾನೆಲ್‌ನ ಮುಖ್ಯಸ್ಥರಾಗಿದ್ದ ಲಾಯ್ಡ್ ಬ್ರಾನ್ ಅವರಿಗೆ ಈ ಯೋಚನೆ ಹೊಳೆದದ್ದು ಹವಾಯಿಯಲ್ಲಿ ರಜೆಯ ಮೇಲಿದ್ದಾಗ. 'ಕಾಸ್ಟ್ ಅವೇ' ಸಿನಿಮಾದ ಒಂಟಿತನ, 'ಸರ್ವೈವರ್' ರಿಯಾಲಿಟಿ ಶೋದ ಗುಂಪು ಜಗಳ, ಇವೆರಡನ್ನೂ ಸೇರಿಸಿ ಒಂದು ಧಾರಾವಾಹಿ ಮಾಡಿದರೆ ಹೇಗೆ ಅಂತ. ಜೆಫ್ರಿ ಲೀಬರ್ ಬರೆದುಕೊಟ್ಟ ಮೊದಲ ಸ್ಕ್ರಿಪ್ಟ್ ಅವರಿಗೆ ಹಿಡಿಸಲಿಲ್ಲ. ಕೆಲಸ ಜೆ.ಜೆ. ಏಬ್ರಮ್ಸ್ ಮತ್ತು ಡೇಮನ್ ಲಿಂಡೆಲಾಫ್ ಕೈಗೆ ಬಂತು. ಬರೀ ವಿಮಾನ ಬಿದ್ದು ಬದುಕಿದವರ ಕಥೆ ಆದರೆ ವರ್ಷಗಟ್ಟಲೆ ಎಳೆಯುವುದು ಹೇಗೆ? ಹಾಗಾಗಿ ದ್ವೀಪವೇ ಒಂದು ಒಗಟಾಯಿತು. ಓಹಾಹು ದ್ವೀಪದಲ್ಲಿ ಚಿತ್ರೀಕರಿಸಿದ ಎರಡು ಭಾಗದ ಮೊದಲ ಕಂತಿಗೆ ಒಂದು ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಯಿತು. ಆಗಿನ ಕಾಲಕ್ಕೆ ಅದು ಕೇಳರಿಯದ ಮೊತ್ತ. ಪ್ರಸಾರ ಶುರುವಾಗುವ ಮೊದಲೇ ಬ್ರಾನ್ ಕೆಲಸ ಕಳೆದುಕೊಂಡಿದ್ದರು. ಆದರೆ ಅವರ ದನಿ ಉಳಿಯಿತು: ಹಿಂದಿನ ಕಥೆ ನೆನಪಿಸುವಾಗ "ಪ್ರೀವಿಯಸ್ಲಿ ಆನ್ ಲಾಸ್ಟ್" ಅಂತ ಒಂದು ಗಂಡುದನಿ ಬರುತ್ತಲ್ಲ, ಅದು ಅವರದ್ದೇ.

2004ರ ಸೆಪ್ಟೆಂಬರ್ 22ರ ರಾತ್ರಿ ಸುಮಾರು 1.86 ಕೋಟಿ ಜನ ಮೊದಲ ಕಂತು ನೋಡಿದರು. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ ಓಷಿಯಾನಿಕ್ 815 ವಿಮಾನ ಎಲ್ಲೋ ಒಂದು ದ್ವೀಪದ ಮೇಲೆ ಮುರಿದು ಬೀಳುತ್ತದೆ. ಕಡಲತೀರದಲ್ಲಿ ಬದುಕುಳಿದವರು 48 ಜನ. ರಾತ್ರಿ ಕಾಡಿನಲ್ಲಿ ಕಣ್ಣಿಗೆ ಕಾಣದ ಏನೋ ಒಂದು ಮರಗಳನ್ನು ಬುಡಮೇಲು ಮಾಡುತ್ತದೆ. ಬಿಸಿಲಿನ ದ್ವೀಪದಲ್ಲಿ ಹಿಮಕರಡಿ ಬಂದು ಗುಂಡು ತಿಂದು ಸಾಯುತ್ತದೆ. ರೇಡಿಯೋದಲ್ಲಿ ಫ್ರೆಂಚ್ ಹೆಂಗಸೊಬ್ಬಳ ಸಂದೇಶ ಹದಿನಾರು ವರ್ಷದಿಂದ ಒಂದೇ ಸಮ ತಿರುಗುತ್ತಾ ಇದೆ ಅಂತ ಗೊತ್ತಾಗುತ್ತದೆ. ನಾವೆಲ್ಲಿದ್ದೀವಿ ಅನ್ನೋ ಪ್ರಶ್ನೆ ಪಾತ್ರಗಳ ಬಾಯಿಂದ ಬಂತು. ಉತ್ತರ ಹೇಳಲು ನೋಡುಗರು ಮುಂದಿನ ವಾರದ ತನಕ ಕಾಯಲಿಲ್ಲ.

ಮೊಟ್ಟಮೊದಲು ಎದ್ದ ಉತ್ತರ ಪರ್ಗೆಟರಿ. ಇದು ಕ್ಯಾಥೋಲಿಕ್ ಕಲ್ಪನೆ. ಸತ್ತವರು ಸ್ವರ್ಗಕ್ಕೆ ಹೋಗುವ ಮುನ್ನ ತಮ್ಮ ಪಾಪ ತೊಳೆದುಕೊಳ್ಳುವ ನಡುವಿನ ಸ್ಥಿತಿ. ಕನ್ನಡದಲ್ಲಿ ನಮಗೆ ತಟ್ಟನೆ ನೆನಪಾಗುವುದು ತ್ರಿಶಂಕು, ಆದರೆ ಅದು ಸರಿಹೊಂದುವುದಿಲ್ಲ. ತ್ರಿಶಂಕು ಅತ್ತಲೂ ಇಲ್ಲ ಇತ್ತಲೂ ಇಲ್ಲ ಅಂತ ನೇತಾಡುತ್ತಾನೆ, ಅವನಿಗೆ ಬಿಡುಗಡೆ ಇಲ್ಲ. ಪರ್ಗೆಟರಿಯಲ್ಲಿ ಲೆಕ್ಕ ತೀರಿದ ಮೇಲೆ ಹೊರಗೆ ದಾರಿ ಇದೆ. ಸಾವು ಕಂಡ ಮನೆಯಲ್ಲಿ ಹದಿಮೂರನೇ ದಿನದ ವೈಕುಂಠ ಸಮಾರಾಧನೆ ಆಗುವ ತನಕ ಹೋದ ಜೀವ ಇನ್ನೂ ದಾರಿಯಲ್ಲಿದೆ ಅಂತ ಅಜ್ಜಿಯರು ಹೇಳ್ತಾರಲ್ಲ, ಬೇಕಾದರೆ ಅದು ಸ್ವಲ್ಪ ಹತ್ತಿರ.

ಈ ಊಹೆಗೆ ಸಾಕ್ಷಿ ಕಡಿಮೆ ಇರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಒಬ್ಬೊಬ್ಬರ ಬೆನ್ನಿಗೂ ಒಂದು ಪಾಪದ ಗಂಟು. ಕೇಟ್ ಪೊಲೀಸರಿಂದ ತಪ್ಪಿಸಿಕೊಂಡು ಓಡಿದವಳು, ಸಾಯರ್ ಮೋಸಗಾರ, ಸಯೀದ್ ಇರಾಕಿ ಸೈನ್ಯದಲ್ಲಿದ್ದಾಗ ಕೈದಿಗಳಿಗೆ ಚಿತ್ರಹಿಂಸೆ ಕೊಟ್ಟವನು, ಚಾರ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಹಾಡುಗಾರ. ನಾಲ್ಕನೇ ಕಂತಿನ ಕೊನೆಗೆ ಗೊತ್ತಾಗುತ್ತದೆ, ಕಾಡು ಸುತ್ತಿ ಹಂದಿ ಬೇಟೆ ಆಡುವ ಜಾನ್ ಲಾಕ್ ವಿಮಾನ ಹತ್ತುವ ತನಕ ಗಾಲಿಕುರ್ಚಿಯಲ್ಲಿದ್ದ ಅಂತ. ಮರುವಾರ ಡಾಕ್ಟರ್ ಜ್ಯಾಕ್ ತನ್ನ ಸತ್ತ ಅಪ್ಪ ಕಾಡಿನಲ್ಲಿ ಓಡಾಡುವುದನ್ನು ನೋಡುತ್ತಾನೆ. ವಿಮಾನದಲ್ಲಿ ತಂದಿದ್ದ ಶವಪೆಟ್ಟಿಗೆ ಖಾಲಿ! ಇಷ್ಟಾದ ಮೇಲೆ 'ಇವರು ಬದುಕೇ ಇಲ್ಲ' ಅಂತ ಯಾರಾದರೂ ಅಂದುಕೊಂಡರೆ ಅವರ ತಪ್ಪೇನು? ಆದರೆ ತಯಾರಕರು ಅಲ್ಲ, ಅಲ್ಲವೇ ಅಲ್ಲ, ಇದು ಪರ್ಗೆಟರಿ ಅಲ್ಲ ಅಂದರು. ಮತ್ತೆ ಮತ್ತೆ ಅಂದರು. ಈ ನಿರಾಕರಣೆ ಕೊನೆಯಲ್ಲಿ ಅವರ ಕೊರಳಿಗೇ ಸುತ್ತಿಕೊಂಡಿತು. ಅದು ಆಮೇಲೆ.

ಧಾರಾವಾಹಿ ನೋಡಿ ತಲೆ ಕೆಡಿಸಿಕೊಳ್ಳುವುದು ಹೊಸದೇನಲ್ಲ. 1960ರ ದಶಕದ 'ಗಿಲಿಗನ್ಸ್ ಐಲೆಂಡ್' ಅನ್ನೋ ಹಾಸ್ಯ ಧಾರಾವಾಹಿಯಲ್ಲಿ ದ್ವೀಪಕ್ಕೆ ಸಿಕ್ಕಿಬಿದ್ದ ಏಳು ಜನ ಇದ್ದರು. ಕ್ರೈಸ್ತರ ಏಳು ಮಹಾಪಾಪಗಳಿಗೆ ಒಬ್ಬೊಬ್ಬರು, ದ್ವೀಪವೇ ನರಕ ಅಂತ ಅದಕ್ಕೂ ಅಭಿಮಾನಿಗಳು ಒಂದು ಊಹೆ ಕಟ್ಟಿದ್ದಾರೆ. ಅಲ್ಲಿಗೆ, ದ್ವೀಪ ಕಂಡರೆ ಸಾಕು, ಪರಲೋಕ ಅನ್ನೋ ಅಭ್ಯಾಸ ಹಳೆಯದು. ಹೆಚ್ಚು ಮುಖ್ಯವಾದದ್ದು 1990ರ 'ಟ್ವಿನ್ ಪೀಕ್ಸ್'. ಅದೂ ಎಬಿಸಿಯದ್ದೇ. ಲಾರಾ ಪಾಮರ್‌ಳನ್ನು ಕೊಂದವರು ಯಾರು ಅಂತ ಜನ ವಿಡಿಯೋ ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿ, ಆಗಿನ ಪುಟ್ಟ ಇಂಟರ್ನೆಟ್‌ನಲ್ಲಿ ವಾದ ಮಾಡಿದರು. ಚಾನೆಲ್‌ನ ಒತ್ತಡಕ್ಕೆ ಎರಡನೇ ಸೀಸನ್‌ನಲ್ಲಿ ಕೊಲೆಗಾರನನ್ನು ತೋರಿಸಿಬಿಟ್ಟರು. ಗುಟ್ಟು ಹೋಯಿತು, ನೋಡುಗರೂ ಹೋದರು, 1991ರಲ್ಲಿ ಧಾರಾವಾಹಿ ನಿಂತಿತು. ಬೇಗ ಉತ್ತರ ಕೊಟ್ಟರೆ ಸಾವು, ತಡ ಮಾಡಿದರೆ ಜನರ ಸಿಟ್ಟು. 'ಲಾಸ್ಟ್' ಹುಟ್ಟಿದ್ದು ಈ ಎರಡರ ಮಧ್ಯೆ.

ಹದಿನಾಲ್ಕು ವರ್ಷದಲ್ಲಿ ಬದಲಾಗಿದ್ದು ಸಾಮಾನು. 2004ರ ಹೊತ್ತಿಗೆ ಮನೆಮನೆಯಲ್ಲಿ ಬ್ರಾಡ್‌ಬ್ಯಾಂಡ್ ಬರತೊಡಗಿತ್ತು, ಟಿವೋ ಬಂದಿತ್ತು. 2005ರ ಅಕ್ಟೋಬರ್‌ನಲ್ಲಿ ಆಪಲ್ ಐಟ್ಯೂನ್ಸ್‌ನಲ್ಲಿ ಟಿವಿ ಕಂತುಗಳ ಮಾರಾಟ ಶುರು ಮಾಡಿದಾಗ ಮೊದಲ ಪಟ್ಟಿಯಲ್ಲೇ 'ಲಾಸ್ಟ್' ಇತ್ತು, ಒಂದು ಕಂತಿಗೆ 1.99 ಡಾಲರ್. ಅದೇ ವರ್ಷ ಲಾಸ್ಟ್‌ಪೀಡಿಯಾ ಅನ್ನೋ ಅಭಿಮಾನಿಗಳ ವಿಶ್ವಕೋಶ ಹುಟ್ಟಿತು. ಲಿಂಡೆಲಾಫ್ ಜೊತೆ ಸೇರಿ ಧಾರಾವಾಹಿ ನಡೆಸುತ್ತಿದ್ದ ಕಾರ್ಲ್‌ಟನ್ ಕ್ಯೂಸ್ ಮತ್ತು ಲಿಂಡೆಲಾಫ್ ಇಬ್ಬರೂ ಪಾಡ್‌ಕಾಸ್ಟ್ ಶುರು ಮಾಡಿ ಅಭಿಮಾನಿಗಳ ಪ್ರಶ್ನೆಗೆ ಉತ್ತರ ಕೊಡೋಕೆ ಕೂತರು. ಉತ್ತರ ಅನ್ನುವುದಕ್ಕಿಂತ ಕಿಚಾಯಿಸುವುದು ಅನ್ನಬೇಕು. ಪ್ರತಿ ಸೀಸನ್‌ನ ಕೊನೆಯ ದೊಡ್ಡ ಗುಟ್ಟಿಗೆ ಒಂದು ಸಂಕೇತದ ಹೆಸರು ಇಡುತ್ತಿದ್ದರು. ನಾಲ್ಕನೇ ಸೀಸನ್‌ನದ್ದು 'ಹೆಪ್ಪುಗಟ್ಟಿದ ಕತ್ತೆ ಚಕ್ರ'. ಕೇಳಿದವರಿಗೆ ಬರೀ ತಮಾಷೆ. ಕೊನೆಗೆ ನೋಡಿದರೆ ನೆಲದ ಕೆಳಗೆ ಹಿಮ ಕಟ್ಟಿದ ಗುಹೆಯಲ್ಲಿ, ಹಿಂದಿನ ಕಾಲದಲ್ಲಿ ಕತ್ತೆ ಕಟ್ಟಿ ತಿರುಗಿಸುತ್ತಿದ್ದಂಥ ಒಂದು ಮರದ ಚಕ್ರವೇ ಇತ್ತು. ಬೆನ್ ಅದನ್ನು ತಿರುಗಿಸಿದಾಗ ದ್ವೀಪವೇ ಮಾಯ!

ಅಭಿಮಾನಿಗಳ ಶ್ರಮ ಎಂಥದ್ದು ಅಂತೀರಿ? ಕಾಡಿನಲ್ಲಿ ಕೇಳುವ ಪಿಸುಮಾತನ್ನು ಕಂಪ್ಯೂಟರ್‌ಗೆ ಹಾಕಿ, ದನಿ ಏರಿಸಿ, ಒಂದೊಂದು ಪದ ಬರೆದಿಟ್ಟರು. 2006ರ ಮಾರ್ಚ್‌ನಲ್ಲಿ ಪ್ರಸಾರವಾದ 'ಲಾಕ್‌ಡೌನ್' ಕಂತಿನಲ್ಲಿ, ಉಕ್ಕಿನ ಬಾಗಿಲಿನ ಮೇಲೆ ನೇರಳೆ ಬೆಳಕು ಬಿದ್ದಾಗ ಮಾತ್ರ ಕಾಣುವ ಒಂದು ನಕ್ಷೆ ಕೆಲವೇ ಸೆಕೆಂಡು ತೆರೆಯ ಮೇಲೆ ಬಂದು ಹೋಯಿತು. ಜನ ಅದನ್ನು ಚಿತ್ರ ಚಿತ್ರವಾಗಿ ನಿಲ್ಲಿಸಿ, ಅದರ ಅಂಚಿನಲ್ಲಿದ್ದ ಲ್ಯಾಟಿನ್ ಸಾಲುಗಳನ್ನೂ ಬಿಡದೆ ಓದಿಬಿಟ್ಟರು. ಫ್ಲಾನ್ ಓಬ್ರಿಯನ್‌ನ 'ದಿ ಥರ್ಡ್ ಪೊಲೀಸ್‌ಮನ್' ಕಾದಂಬರಿ ಒಂದು ದೃಶ್ಯದಲ್ಲಿ ಕ್ಷಣಮಾತ್ರ ಕಾಣಿಸಿಕೊಂಡಿದ್ದಕ್ಕೆ ಅಂಗಡಿಗಳಲ್ಲಿ ಅದರ ಮಾರಾಟ ದಿಢೀರನೆ ಏರಿತು. ಪಾತ್ರಗಳ ಹೆಸರಂತೂ ತತ್ವಶಾಸ್ತ್ರದ ಪಠ್ಯಪುಸ್ತಕದಿಂದ ಎತ್ತಿದ ಹಾಗೆ: ಲಾಕ್, ಹ್ಯೂಮ್, ರೂಸೋ, ಬಕೂನಿನ್. ಈಥನ್ ರಾಮ್ ಅನ್ನೋ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಅದಲುಬದಲು ಮಾಡಿದರೆ 'ಅದರ್ ಮ್ಯಾನ್', ಅಂದರೆ 'ಬೇರೆಯವನು'. ಅವನು ದ್ವೀಪದ 'ಅದರ್ಸ್' ಗುಂಪಿನವನೇ. ಇಂಥದ್ದೊಂದು ಸರಿಹೋದರೆ ಸಾಕಲ್ಲ, ಉಳಿದ ನೂರು ಸುಳಿವುಗಳೂ ನಿಜ ಅನ್ನಿಸೋಕೆ ಶುರುವಾಗುತ್ತದೆ.

ಎಂಟರ್‌ಟೈನ್‌ಮೆಂಟ್ ವೀಕ್ಲಿ ಪತ್ರಿಕೆಯ ಜೆಫ್ ಜೆನ್ಸನ್ ಪ್ರತಿ ಕಂತಿಗೂ ಉದ್ದುದ್ದ ಊಹೆಗಳನ್ನು ಬರೆದು 'ಡಾಕ್ ಜೆನ್ಸನ್' ಅಂತಲೇ ಹೆಸರಾದರು. ಅವರ ಊಹೆಗಳು ಬಹುಪಾಲು ಸುಳ್ಳಾದವು, ಓದೋಕೆ ಮಾತ್ರ ಮಜವಾಗಿದ್ದವು. ಮುಂದೆ ಅದೇ ಜೆನ್ಸನ್ ಲಿಂಡೆಲಾಫ್ ಜೊತೆ ಸೇರಿ 'ಟುಮಾರೋಲ್ಯಾಂಡ್' ಸಿನಿಮಾದ ಕಥೆ ಬರೆದರು. ಹರಿಕಥೆ ಕೇಳೋಕೆ ಬಂದವರು ದಾಸರ ಪಕ್ಕದಲ್ಲಿ ತಾಳ ಹಿಡಿದು ನಿಂತ ಹಾಗೆ.

ಈಗ ನನ್ನ ಪ್ರಕಾರ ಇಡೀ ಧಾರಾವಾಹಿಯಲ್ಲೇ ಅತ್ಯಂತ ಚೆನ್ನಾದ ಒಗಟಿಗೆ ಬರೋಣ: ಗುಂಡಿ. ನಾನು ಹೇಳ್ತಿರೋದು ಒತ್ತುವ ಗುಂಡಿ, ಬಟನ್. ಮೊದಲ ಸೀಸನ್‌ನಲ್ಲಿ ಲಾಕ್ ನೆಲದಲ್ಲಿ ಹೂತ ಒಂದು ಉಕ್ಕಿನ ಮುಚ್ಚಳ ತೆರೆಯೋಕೆ ಒದ್ದಾಡುತ್ತಾನೆ. ಎರಡನೇ ಸೀಸನ್‌ನಲ್ಲಿ ಒಳಗಿಳಿದರೆ ಅಲ್ಲಿ ಡೆಸ್ಮಂಡ್ ಅನ್ನೋ ಒಬ್ಬ ಮನುಷ್ಯ, ಒಂದು ಹಳೇ ಕಂಪ್ಯೂಟರ್. 108 ನಿಮಿಷಕ್ಕೊಮ್ಮೆ 4, 8, 15, 16, 23, 42 ಅನ್ನೋ ಸಂಖ್ಯೆ ಬರೆದು ಗುಂಡಿ ಒತ್ತಬೇಕು. ಇಲ್ಲದಿದ್ದರೆ? ಜಗತ್ತು ಹಾಳಾಗುತ್ತದೆ. ಯಾರು ಹೇಳಿದ್ದು? ಒಂದು ಹಳೇ ಫಿಲಂ. ಆ ಆರು ಸಂಖ್ಯೆ ಕೂಡಿಸಿ ನೋಡಿ, 108 ಬರುತ್ತದೆ. ಇಲ್ಲಿ ನಮ್ಮವರ ಕಿವಿ ನೆಟ್ಟಗಾಗುತ್ತದೆ, ಆಗಲೇಬೇಕು. ಜಪಮಾಲೆಗೆ 108 ಮಣಿ, ಅಷ್ಟೋತ್ತರಕ್ಕೆ 108 ಹೆಸರು. ಈ ವ್ಯವಸ್ಥೆ ಕಟ್ಟಿದ ಸಂಸ್ಥೆಯ ಹೆಸರೋ, 'ಧರ್ಮ ಇನಿಶಿಯೇಟಿವ್'. ಅವರು 'ಡಾರ್ಮಾ' ಅಂತಾರೆ. ಫಿಲಂನಲ್ಲಿ ಬಿಳಿ ಕೋಟು ಹಾಕಿದ ವಿಜ್ಞಾನಿ ಕೊನೆಗೆ ನಮಸ್ತೆ ಹೇಳಿ ಮಾತು ಮುಗಿಸುತ್ತಾನೆ. ಧರ್ಮ, ನಮಸ್ತೆ, 108: ಇದನ್ನು ಕೇಳಿ ಕರ್ಮ, ಪುನರ್ಜನ್ಮ, ಮಾಯೆ ಅಂತ ಅಮೆರಿಕದ ಅಭಿಮಾನಿಗಳು ಪುಟಗಟ್ಟಲೆ ಬರೆದರು.

ಆದರೆ ಕಥೆಯೊಳಗೆ ನೋಡಿದರೆ ಆ ಸಂಸ್ಥೆ ಹುಟ್ಟಿದ್ದು 1970ರಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರ ಕೈಯಲ್ಲಿ. 'ಧರ್ಮ' ಅನ್ನುವುದು ಒಂದು ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಅಂದರೆ ಇದು ನಮ್ಮ ಧರ್ಮವಲ್ಲ, ಹಿಪ್ಪಿ ಕಾಲದ ಅಮೆರಿಕ ಪೂರ್ವದೇಶಗಳಿಂದ ಎತ್ತಿಕೊಂಡು ಹೋದ ಧರ್ಮ. ಯೋಗ, ಊದಿನಕಡ್ಡಿ, ನಮಸ್ತೆ, ಜೊತೆಗೆ ಇಲಿಗಳ ಮೇಲೆ ಪ್ರಯೋಗ. ಇದನ್ನು ತಿಳಿದೇ ಮಾಡಿದ ವ್ಯಂಗ್ಯ ಅಂತ ನನ್ನ ಅನಿಸಿಕೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಶಾಲೆಯಲ್ಲಿ ಯೋಗದ ಟೀಚರ್ ಬಾಯಲ್ಲಿ ನಮಸ್ತೆ ಕೇಳಿಸಿಕೊಳ್ಳುವಾಗ ಆಗುವ ಮುಜುಗರ, ನಗು ಎರಡೂ ಆ ಫಿಲಂ ನೋಡುವಾಗ ಆಗುತ್ತದೆ. (ಭಾರತೀಯ ಮೂಲದ ಒಬ್ಬ ನಟ ಈ ಧಾರಾವಾಹಿಯಲ್ಲಿ ಉದ್ದಕ್ಕೂ ಇದ್ದಾರೆ, ಲಂಡನ್ನಿನಲ್ಲಿ ಮಲಯಾಳಿ ತಂದೆತಾಯಿಗೆ ಹುಟ್ಟಿದ ನವೀನ್ ಆಂಡ್ರೂಸ್. ಅವರಿಗೆ ಸಿಕ್ಕಿದ್ದು ಇರಾಕಿ ಸಯೀದ್‌ನ ಪಾತ್ರ.)

ಆ ಫಿಲಂ ಬಿ.ಎಫ್. ಸ್ಕಿನ್ನರ್ ಹೆಸರು ಹೇಳುತ್ತದೆ. ಸನ್ನೆ ಒತ್ತಿದರೆ ಕಾಳು ಸಿಗುವ ಪೆಟ್ಟಿಗೆಯಲ್ಲಿ ಇಲಿ, ಪಾರಿವಾಳ ಇಟ್ಟು ಪ್ರಯೋಗ ಮಾಡಿದ ಮನಃಶಾಸ್ತ್ರಜ್ಞ. ಇಷ್ಟು ಸಿಕ್ಕಿದ್ದೇ ತಡ, ನೋಡುಗರು ತೀರ್ಪು ಕೊಟ್ಟರು: ಗುಂಡಿ ಸುಳ್ಳು, ಡೆಸ್ಮಂಡ್ ಪೆಟ್ಟಿಗೆಯ ಇಲಿ. ಬರೆದವರು ಆ ಊಹೆಯನ್ನು ಅಲ್ಲಗಳೆಯಲಿಲ್ಲ, ಎತ್ತಿ ಕಥೆಯೊಳಗೇ ಇಟ್ಟರು. ಲಾಕ್ ಮತ್ತು ಎಕೋಗೆ ಇನ್ನೊಂದು ನೆಲಮಾಳಿಗೆ ಸಿಗುತ್ತದೆ. ಅಲ್ಲಿ ಟಿವಿ ಪರದೆಗಳು, ಇನ್ನೊಂದು ಫಿಲಂ. ಗುಂಡಿ ಒತ್ತುವವರು ಪ್ರಯೋಗಕ್ಕೆ ಒಳಗಾದವರು, ಅವರು ಮಾಡುವುದನ್ನೆಲ್ಲ ಗಮನಿಸಿ ನೋಟ್‌ಬುಕ್‌ನಲ್ಲಿ ಬರೆದು ಕೊಳವೆಯಲ್ಲಿ ಕಳಿಸಿ ಅನ್ನುತ್ತದೆ ಆ ಫಿಲಂ. ಲಾಕ್‌ನ ನಂಬಿಕೆ ಪುಡಿಪುಡಿ. ಆಮೇಲೆ ಬೇರೆ ಪಾತ್ರಗಳು ಬಯಲಿನಲ್ಲಿ ನಡೆಯುತ್ತಾ ಒಂದು ರಾಶಿ ನೋಡುತ್ತವೆ: ಕೊಳವೆಯಿಂದ ಬಂದು ಬಿದ್ದ ನೋಟ್‌ಬುಕ್‌ಗಳು, ಒಂದನ್ನೂ ಯಾರೂ ಓದಿಲ್ಲ. ಹಾಗಾದರೆ ಇಲಿ ಯಾರು, ಗುಂಡಿ ಒತ್ತಿದವನೋ, ಅವನನ್ನು ನೋಡಿ ಟಿಪ್ಪಣಿ ಬರೆದವನೋ? ವಾರವಾರ ಪರದೆ ನೋಡಿ ಟಿಪ್ಪಣಿ ಬರೆಯುತ್ತಿದ್ದವರು ಮನೆಯಲ್ಲಿ ಕೂತಿದ್ದ ಅಭಿಮಾನಿಗಳೇ ಅಲ್ಲವೇ! ಕೊನೆಗೆ ಲಾಕ್ ಗುಂಡಿ ಒತ್ತದಂತೆ ತಡೆಯುತ್ತಾನೆ, ನೆಲ ನಡುಗುತ್ತದೆ. ಗುಂಡಿ ನಿಜವಾಗಿತ್ತು. ಸೆಪ್ಟೆಂಬರ್ 22ರಂದು ಡೆಸ್ಮಂಡ್ ಒತ್ತುವುದು ತಡವಾಗಿದ್ದಕ್ಕೇ ವಿಮಾನ ಬಿದ್ದದ್ದು. 2006ರ ಮೇ ತಿಂಗಳ ಈ ಕಂತಿನ ಮಟ್ಟವನ್ನು 'ಲಾಸ್ಟ್' ಮತ್ತೆ ಮುಟ್ಟಿದ್ದು ಒಂದೆರಡು ಸಲ ಮಾತ್ರ.

ಸಂಖ್ಯೆಗಳ ಕಥೆ ಅಷ್ಟು ಚೆನ್ನಾಗಿ ಮುಗಿಯಲಿಲ್ಲ. 2006ರ ಬೇಸಿಗೆಯಲ್ಲಿ ಧಾರಾವಾಹಿಯ ಹೊರಗೆ ಇಂಟರ್ನೆಟ್ ಆಟವೊಂದನ್ನು ನಡೆಸಿ, ಮನುಕುಲದ ಅಂತ್ಯ ಲೆಕ್ಕ ಹಾಕುವ ಸಮೀಕರಣದ ಅಂಶಗಳು ಇವು ಅಂದರು. ಕಡೆಯ ಸೀಸನ್‌ನಲ್ಲಿ, ದ್ವೀಪ ಕಾಯುವ ಜೇಕಬ್ ತನ್ನ ಉತ್ತರಾಧಿಕಾರಿ ಆಗಬಲ್ಲವರಿಗೆ ಕೊಟ್ಟ ಕ್ರಮಸಂಖ್ಯೆ ಇವು, ಲಾಕ್ 4, ಜ್ಯಾಕ್ 23 ಅಂತ ಗುಹೆಯ ಗೋಡೆ ತೋರಿಸಿದರು. ಎರಡಕ್ಕೂ ಸಂಬಂಧ ಹೇಳಲಿಲ್ಲ. ಆದರೆ ಆ ಸಂಖ್ಯೆಗಳಿಗೆ ಬೇರೆಯದೇ ಬದುಕು ಸಿಕ್ಕಿತ್ತು. ಕಥೆಯಲ್ಲಿ ಹರ್ಲಿ ಅವುಗಳಿಂದ ಲಾಟರಿ ಗೆಲ್ಲುತ್ತಾನೆ. ಧಾರಾವಾಹಿ ಮುಗಿದ ಮೇಲೆ, 2011ರ ಜನವರಿ 4ರಂದು ಅಮೆರಿಕದ ಮೆಗಾ ಮಿಲಿಯನ್ಸ್ ಲಾಟರಿಯಲ್ಲಿ ಬಂದ ಸಂಖ್ಯೆಗಳು 4, 8, 15, 25, 47, ಮೆಗಾ ಬಾಲ್ 42. ಹರ್ಲಿಯ ಸಂಖ್ಯೆಗಳನ್ನೇ ಹಾಕಿ ಟಿಕೆಟ್ ಕೊಂಡಿದ್ದ ಸಾವಿರಾರು ಜನರಿಗೆ ನಾಲ್ಕು ಕೂಡಿಬಂದು ತಲಾ 150 ಡಾಲರ್ ಸಿಕ್ಕಿತು.

ಮೊದಲಿಂದಲೇ ಎಲ್ಲ ಯೋಚಿಸಿ ಇಟ್ಟಿದ್ದರಾ? ಊಹೆ ಕಟ್ಟುವ ಆಟಕ್ಕೆ ಇದೇ ಅಡಿಪಾಯ. ಉತ್ತರ ಎಲ್ಲೋ ಇದೆ ಅನ್ನೋ ನಂಬಿಕೆ ಇಲ್ಲದೆ ಯಾರೂ ಒಗಟು ಬಿಡಿಸೋಕೆ ಕೂರುವುದಿಲ್ಲ. ಮೊದಲ ಸೀಸನ್ ಬರಹಗಾರರಲ್ಲಿ ಒಬ್ಬರಾದ ಡೇವಿಡ್ ಫ್ಯೂರಿ 2005ರಲ್ಲೇ ದೊಡ್ಡ ಯೋಜನೆ ಏನೂ ಇರಲಿಲ್ಲ ಅಂತ ಹೇಳಿ ಗಲಾಟೆ ಎಬ್ಬಿಸಿದರು. ಇನ್ನೊಬ್ಬ ಬರಹಗಾರ ಹಾವಿಯರ್ ಗ್ರಿಯೋ-ಮಾರ್ಶ್ವಾಕ್ 2015ರಲ್ಲಿ ಇದೇ ಪ್ರಶ್ನೆಗೆ ಒಂದು ದೊಡ್ಡ ಪ್ರಬಂಧ ಬರೆದರು. ತಿರುಳು ಇಷ್ಟು: ಹೌದು ಮತ್ತು ಇಲ್ಲ. ಕೆಲವು ದೊಡ್ಡ ವಿಚಾರಗಳು ಶುರುವಿಗೇ ಇದ್ದವು, ಬಹಳಷ್ಟು ದಾರಿಯಲ್ಲಿ ಹುಟ್ಟಿದವು. ಗಮನಿಸಿದರೆ ಅದು ಕಾಣುತ್ತದೆ. ಜ್ಯಾಕ್ ಮೊದಲ ಕಂತಿನಲ್ಲೇ ಸಾಯಬೇಕಿತ್ತು, ಚಾನೆಲ್‌ನವರು ಬೇಡ ಅಂದಿದ್ದಕ್ಕೆ ನಾಯಕನಾದ. ಬೆನ್ ಪಾತ್ರಕ್ಕೆ ಮೈಕಲ್ ಎಮರ್ಸನ್‌ರನ್ನು ಕರೆದದ್ದು ಮೂರು ಕಂತಿಗೆ, ಅವರ ನಟನೆ ನೋಡಿ ಕೊನೆಯ ತನಕ ಇಟ್ಟುಕೊಂಡರು. ಹಿಮಕರಡಿಯ ಚಿತ್ರ ಇರುವ ಕಾಮಿಕ್ ಓದುತ್ತಿದ್ದ ಬಾಲಕ ವಾಲ್ಟ್ ಮನಸ್ಸಿನಿಂದಲೇ ಕರಡಿ ಬರಿಸಿದ ಅನ್ನೋದು ಮೊದಲ ವರ್ಷದ ಒಂದು ಸೊಗಸಾದ ಊಹೆ. ಆದರೆ ಕಥೆಯಲ್ಲಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ಹುಡುಗ ನಟ ಎರಡು ವರ್ಷ ಬೆಳೆದುಬಿಟ್ಟ! ವಾಲ್ಟ್‌ನನ್ನು ದೋಣಿ ಹತ್ತಿಸಿ ಕಳಿಸಿದರು, ಆ ಊಹೆಯೂ ದೋಣಿ ಹತ್ತಿತು.

ನೋಡುಗರ ಮಾತಿಗೆ ಬರಹಗಾರರು ಕುಣಿದದ್ದೂ ಉಂಟು. 48 ಜನರಲ್ಲಿ ಉಳಿದವರು ಏನು ಮಾಡ್ತಿದ್ದಾರೆ ಅಂತ ಕೇಳಿದ್ದಕ್ಕೆ ಮೂರನೇ ಸೀಸನ್‌ನಲ್ಲಿ ನಿಕ್ಕಿ, ಪೌಲೋ ಅನ್ನೋ ಜೋಡಿಯನ್ನು ತಂದರು. ಜನ ಎಷ್ಟು ಬೈದರು ಅಂದರೆ, 2007ರ ಮಾರ್ಚ್‌ನಲ್ಲಿ ಇಬ್ಬರನ್ನೂ ಜೀವಂತ ಹೂತು ಕೈತೊಳೆದುಕೊಂಡರು. ಆ ಸೀಸನ್‌ನಲ್ಲಿ ಕಥೆ ನಿಂತ ನೀರಾಗಿತ್ತು. ಜ್ಯಾಕ್‌ನ ಹಚ್ಚೆಯ ಹಿಂದಿನ ಕಥೆಗೆ ಒಂದು ಇಡೀ ಕಂತು ಖರ್ಚಾಯಿತು. ಎಷ್ಟು ವರ್ಷ ನಡೆಯಬೇಕು ಅಂತ ಗೊತ್ತಿಲ್ಲದೆ ಇನ್ನು ಬರೆಯೋಕೆ ಆಗಲ್ಲ ಅಂತ ಲಿಂಡೆಲಾಫ್, ಕ್ಯೂಸ್ ಪಟ್ಟು ಹಿಡಿದರು. 2007ರ ಮೇನಲ್ಲಿ ಎಬಿಸಿ ಒಪ್ಪಿತು: ಇನ್ನು 48 ಕಂತು, 2010ಕ್ಕೆ ಮುಕ್ತಾಯ. ಜನಪ್ರಿಯವಾಗಿ ಓಡುತ್ತಿರುವ ಧಾರಾವಾಹಿಗೆ ಮೂರು ವರ್ಷ ಮೊದಲೇ ಕೊನೆಯ ದಿನ ಗೊತ್ತು ಮಾಡುವುದು ಅಮೆರಿಕದ ಟಿವಿಯಲ್ಲಿ ಅಪರೂಪದ ಸಂಗತಿ. ಆದರೆ ಅದರಿಂದ ಇನ್ನೊಂದಾಯಿತು. ಕೊನೆ ಗೊತ್ತಾಗಿದೆ ಅಂದಮೇಲೆ ಉತ್ತರಗಳೂ ಗೊತ್ತಾಗಿವೆ ಅಂತ ಜನ ಅಂದುಕೊಂಡರು. ಮೊದಲ ಸೀಸನ್‌ನಲ್ಲಿ ಗುಹೆಯಲ್ಲಿ ಸಿಕ್ಕ ಎರಡು ಅಸ್ಥಿಪಂಜರ, ಒಂದು ಕಪ್ಪು ಕಲ್ಲು, ಒಂದು ಬಿಳಿ ಕಲ್ಲು. ಅವು ಯಾರದ್ದು ಅಂತ ಗೊತ್ತಾದಾಗ ನಾವು ಮೊದಲಿಂದ ಯೋಚಿಸಿದ್ದೆವು ಅನ್ನೋದು ಸಾಬೀತಾಗುತ್ತದೆ ಅಂತ ತಯಾರಕರೇ ಆಸೆ ಹುಟ್ಟಿಸಿದ್ದರು. ಕಾಲಯಾನ ಮಾಡಿ ಹಿಂದಕ್ಕೆ ಹೋದ ರೋಸ್-ಬರ್ನಾರ್ಡ್ ದಂಪತಿ ಅಂದರು ಕೆಲವರು, ಜ್ಯಾಕ್-ಕೇಟ್ ಅಂದರು ಇನ್ನು ಕೆಲವರು. ನೋಡಿದರೆ ಅದು ಆರನೇ ಸೀಸನ್ ತನಕ ನಾವು ಕಂಡೇ ಇರದ ಒಬ್ಬ ತಾಯಿ ಮತ್ತು ಜೇಕಬ್‌ನ ತಮ್ಮ. ರೋಸ್-ಬರ್ನಾರ್ಡ್ ಊಹೆ ಇದಕ್ಕಿಂತ ಹೃದಯಕ್ಕೆ ಹತ್ತಿರವಾಗಿತ್ತು ಅಂತ ನಾನು ಇವತ್ತಿಗೂ ವಾದ ಮಾಡೋಕೆ ಸಿದ್ಧ.

ಈಗ ಮತ್ತೆ ಪರ್ಗೆಟರಿಗೆ. ಬಾಯಲ್ಲಿ ಅಲ್ಲ ಅಲ್ಲ ಅನ್ನುತ್ತಲೇ ತಯಾರಕರು ತೆರೆಯ ಮೇಲೆ ಅದೇ ಊಹೆಗೆ ನೀರೆರೆಯುತ್ತಿದ್ದರು, ಇದನ್ನು ಮರೆಯಬಾರದು. ಮೂರನೇ ಸೀಸನ್‌ನಲ್ಲಿ ಹೊರಗಿಂದ ಬಂದ ನಯೋಮಿ, 815 ವಿಮಾನ ಸಮುದ್ರದಡಿ ಸಿಕ್ಕಿದೆ, ಎಲ್ಲರೂ ಸತ್ತಿದ್ದಾರೆ ಅನ್ನುತ್ತಾಳೆ. ಆ ಅವಶೇಷ ಯಾರೋ ಬೇಕಂತಲೇ ಮುಳುಗಿಸಿದ ನಕಲಿ ಅಂತ ಆಮೇಲೆ ತಿಳಿಯುತ್ತದೆ. ಲಾಕ್‌ನ ಅಪ್ಪ ದ್ವೀಪಕ್ಕೆ ಬಂದು ಇದು ನರಕ ಅನ್ನುತ್ತಾನೆ. ಆರನೇ ಸೀಸನ್‌ನಲ್ಲಿ, ಎಲ್ಲ ಬಲ್ಲವನಂತೆ ಕಾಣುತ್ತಿದ್ದ ರಿಚರ್ಡ್ ಕೂಡ ನಾವೆಲ್ಲ ಸತ್ತಿದ್ದೇವೆ ಅಂತ ಕೂಗಾಡುತ್ತಾನೆ. ಕಾಡಿನ ಪಿಸುಮಾತು ಮುಂದಕ್ಕೆ ಹೋಗಲಾಗದೆ ಉಳಿದ ಸತ್ತವರದ್ದು ಅಂತ ಉತ್ತರವೂ ಸಿಗುತ್ತದೆ. ಅದು ಅರ್ಧ ಪರ್ಗೆಟರಿ ಅಲ್ಲದೆ ಇನ್ನೇನು?

ಆ ಕೊನೆಯ ಸೀಸನ್‌ನಲ್ಲಿ ಎರಡು ಕಥೆ ಜೊತೆಜೊತೆಗೆ ನಡೆಯುತ್ತವೆ. ಒಂದು ದ್ವೀಪದ್ದು. ಇನ್ನೊಂದರಲ್ಲಿ ವಿಮಾನ ಬೀಳುವುದೇ ಇಲ್ಲ, ಎಲ್ಲರೂ ಸುಖವಾಗಿ ಲಾಸ್ ಏಂಜಲೀಸ್‌ನಲ್ಲಿ ಇಳಿಯುತ್ತಾರೆ. ಐದನೇ ಸೀಸನ್‌ನ ಕೊನೆಗೆ 1977ರಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿದ್ದರಿಂದ ಹುಟ್ಟಿದ ಇನ್ನೊಂದು ಜಗತ್ತು ಇದು ಅಂತ ಹೆಚ್ಚಿನವರು ನಂಬಿದರು. ಎರಡು ಜಗತ್ತು ಹೇಗೆ ಕೂಡುತ್ತವೆ ಅಂತ ನಕ್ಷೆಗಳೂ ತಯಾರಾದವು. 2010ರ ಮೇ 23ರಂದು ಸುಮಾರು 1.35 ಕೋಟಿ ಜನರೆದುರು ಉತ್ತರ ಬಂತು. ಆ ಎರಡನೇ ಜಗತ್ತು ಸತ್ತ ಮೇಲಿನದ್ದು. ಗಾಜಿನ ಕಿಟಕಿಯಲ್ಲಿ ಶಿಲುಬೆಯ ಜೊತೆ ಓಂ, ಧರ್ಮಚಕ್ರ, ಚಂದ್ರ ಎಲ್ಲ ಇರುವ ಒಂದು ಕೋಣೆಯಲ್ಲಿ ಜ್ಯಾಕ್‌ಗೆ ಅವನ ಸತ್ತ ಅಪ್ಪ ಸಿಗುತ್ತಾನೆ. ನಿನಗೆ ಆಗಿದ್ದೆಲ್ಲ ನಿಜ, ಇಲ್ಲಿರುವ ಕೆಲವರು ನಿನಗಿಂತ ಮೊದಲು ಸತ್ತರು, ಕೆಲವರು ನೀನು ಹೋದ ಎಷ್ಟೋ ಕಾಲದ ಮೇಲೆ, ಒಬ್ಬರನ್ನೊಬ್ಬರು ಮತ್ತೆ ಕಾಣಲು ನೀವೇ ಕಟ್ಟಿಕೊಂಡ ಜಾಗ ಇದು ಅಂತ ಬಿಡಿಸಿ ಹೇಳುತ್ತಾನೆ. ದ್ವೀಪ ನಿಜ, ಅಲ್ಲಿನ ಬದುಕು ನಿಜ, ಅಲ್ಲಿ ಸತ್ತವರ ಸಾವೂ ನಿಜ. ಜ್ಯಾಕ್ ದ್ವೀಪದ ಬಿದಿರು ಮೆಳೆಯಲ್ಲಿ ಮಲಗಿ ಕಣ್ಣು ಮುಚ್ಚುತ್ತಾನೆ.

ಆಮೇಲೆ ಹೆಸರುಗಳ ಪಟ್ಟಿ ಬಂತು. ಅದರ ಹಿಂದೆ, ಯಾವ ಸಂಗೀತವೂ ಇಲ್ಲದೆ, ಅಲೆಯ ಸದ್ದಿನಲ್ಲಿ, ನಿರ್ಜನ ಕಡಲತೀರದಲ್ಲಿ ಮುರಿದು ಬಿದ್ದ ವಿಮಾನದ ಚಿತ್ರಗಳು. ಮನುಷ್ಯರ ಸುಳಿವಿಲ್ಲ. ಆರು ವರ್ಷ ಸುಳಿವು ಹುಡುಕುವುದನ್ನೇ ಕಲಿತ ಜನ, ಒಂದು ಬಾಗಿಲಿನ ನಕ್ಷೆಯನ್ನೂ ಬಿಡದವರು, ಇದನ್ನು ಬಿಡ್ತಾರಾ? ನೋಡಿ, ಯಾರೂ ಬದುಕಿರಲೇ ಇಲ್ಲ, ಮೊದಲ ದಿನವೇ ಎಲ್ಲ ಮುಗಿದಿತ್ತು ಅಂತ ಓದಿಕೊಂಡರು. ಕೆಲವೇ ದಿನಗಳಲ್ಲಿ ಎಬಿಸಿ ಸ್ಪಷ್ಟನೆ ಕೊಟ್ಟಿತು: ಆ ಚಿತ್ರಗಳನ್ನು ಸೇರಿಸಿದ್ದು ಚಾನೆಲ್, ಕಥೆಗೂ ಅದಕ್ಕೂ ಸಂಬಂಧವಿಲ್ಲ, ಭಾವುಕ ಕೊನೆಯಿಂದ ನೇರ ವಾರ್ತೆಗೆ ಹಾರುವುದು ಬೇಡ ಅಂತ ಮಧ್ಯೆ ಉಸಿರಾಡೋಕೆ ಇಟ್ಟಿದ್ದು ಅಷ್ಟೇ. ಆದರೆ ಸ್ಪಷ್ಟನೆ ಓದಿದವರಿಗಿಂತ ಆ ಚಿತ್ರ ನೋಡಿದವರು ಎಷ್ಟೋ ಪಾಲು ಹೆಚ್ಚು. ಆ ಚಿತ್ರ ಒಂದೇ ಕಾರಣ ಅಂತ ನಾನು ಹೇಳಲಾರೆ. 'ಎಲ್ಲರೂ ಸತ್ತಿದ್ದರು' ಅನ್ನೋದು ನಾಲ್ಕು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದ ಮಾತು. ನಿಜವಾದ ಕೊನೆಯನ್ನು ಹೇಳೋಕೆ ನನಗೆ ಈಗ ಒಂದು ಇಡೀ ಪ್ಯಾರಾ ಬೇಕಾಯಿತು. ಮಧ್ಯದಲ್ಲೆಲ್ಲೋ ಬಿಟ್ಟು ಕೊನೆಯ ಕಂತಿಗೆ ಮಾತ್ರ ಬಂದು ಕೂತವರಿಗೆ ಅಪ್ಪ-ಮಗನ ಮಾತಿನಲ್ಲಿ ಕಿವಿಗೆ ಬಿದ್ದದ್ದು 'ಸತ್ತ' ಅನ್ನೋದೊಂದೇ.

ಬೆಲೆ ತೆತ್ತವರಲ್ಲಿ ಲಿಂಡೆಲಾಫ್ ಮೊದಲಿಗರು. 2013ರಲ್ಲಿ 'ಬ್ರೇಕಿಂಗ್ ಬ್ಯಾಡ್' ಮುಗಿದಾಗ, ಕೊನೆ ಅಂದರೆ ಹೀಗಿರಬೇಕು ಅಂತ ಜನ ಅವರನ್ನು ಹುಡುಕಿಕೊಂಡು ಬಂದು ಚುಚ್ಚಿದರು. ತಮ್ಮ ಧಾರಾವಾಹಿಯ ಕೊನೆಯ ಬಗ್ಗೆ ಮಾತಾಡುವುದನ್ನು ತಾವೇ ನಿಲ್ಲಿಸಬೇಕು ಅಂತ ಅವರು ಒಂದು ಲೇಖನ ಬರೆದರು, ಅದೇ ಅಕ್ಟೋಬರ್‌ನಲ್ಲಿ ಟ್ವಿಟರ್ ಬಿಟ್ಟರು.

2014ರ ಮಾರ್ಚ್‌ನಲ್ಲಿ, ಧಾರಾವಾಹಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ, ಲಾಸ್ ಏಂಜಲೀಸ್‌ನ ಪೇಲಿಫೆಸ್ಟ್‌ನಲ್ಲಿ ತಂಡದವರು ಮತ್ತೆ ಒಂದೇ ವೇದಿಕೆ ಹತ್ತಿದರು. ಅಲ್ಲಿಯೂ ಅದೇ ಪ್ರಶ್ನೆ. ಇಲ್ಲ, ಅವರು ಮೊದಲಿಂದ ಸತ್ತಿರಲಿಲ್ಲ ಅಂತ ಕ್ಯೂಸ್ ಇನ್ನೊಮ್ಮೆ ಹೇಳಿದರು. ಆ ವಿಮಾನದ ಚಿತ್ರಗಳು ಸೆಟ್ ಇನ್ನೂ ಕಡಲತೀರದಲ್ಲಿದ್ದಾಗ ತೆಗೆದಿಟ್ಟಿದ್ದವು, ಸುಮ್ಮನೆ ಇದ್ದವು, ಅದಕ್ಕೇ ಬಳಸಿದೆವು ಅಂತಲೂ ವಿವರಿಸಿದರು. ಇದೆಲ್ಲ ಮರುದಿನದ ವಾರ್ತೆಗಳಲ್ಲಿ ಬಂತು: 'ಲಾಸ್ಟ್' ತಯಾರಕರು ಕೊನೆಗೂ ಗುಟ್ಟು ಬಿಟ್ಟುಕೊಟ್ಟರು, ಅನ್ನೋ ಧಾಟಿಯಲ್ಲಿ.